ಇಪ್ಪತ್ತು ಎಣಿಸುವ ತನಕ

ನನಗೆ ಬೀಳ್ಕೊಡುಗೆ ಸಮಾರಂಭ ಆಗಲಿಲ್ಲ. ಮನೆಮನೆಗೆ ಹೋಗಿ ಮಾರುವವರಿಗೆ ನಿವೃತ್ತಿಗೆ ಅಂತ ಗೊತ್ತುಮಾಡಿದ ದಿನ ಇರುವುದಿಲ್ಲ. ಒಂದು ದಿನ ಮೊಣಕಾಲು ಮೂರನೇ ಮಹಡಿ ಆಗುವುದಿಲ್ಲ ಎನ್ನುತ್ತದೆ, ಇನ್ನೊಂದು ದಿನ ಮನಸ್ಸೂ ಹಾಗೇ ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಇಪ್ಪತ್ತೆರಡು ವರ್ಷ ವಡೋದರಾ, ಅಹಮದಾಬಾದ್, ಸೂರತ್ ಈ ಮೂರು ಊರುಗಳಲ್ಲಿ ನೀರು ಶುದ್ಧ ಮಾಡುವ ಮಷೀನು ಮಾರಿದೆ. ನಮ್ಮವರಿಗೆ ಬ್ಯಾಂಕಿನಲ್ಲಿ ಕೆಲಸ. ಅವರಿಗೆ ಎಲ್ಲಿಗೆ ವರ್ಗವಾಯಿತೋ ಅಲ್ಲಿಗೆ ನನ್ನ ಬ್ಯಾಗೂ ಹೋಯಿತು.

ಇದನ್ನು ಬರೆಯಲು ಕೂತದ್ದು ನನ್ನ ತಂಗಿಯ ಮಗಳು ನಿಧಿಯಿಂದ. ಅಹಮದಾಬಾದಿನ ಅಂಚಿನ ಬೋಪಾಲ್‌ನಲ್ಲಿ ಹುಟ್ಟಿ ಬೆಳೆದವಳು, ಮನೆಮನೆಗೆ ಅಡುಗೆ ಪಾತ್ರೆ ಮಾರುವ ಒಂದು ಕಂಪನಿಗೆ ಈಗಷ್ಟೇ ಸೇರಿದ್ದಾಳೆ. ಫೋನಿಗೆ ಅವಳ ವಾಯ್ಸ್ ಮೆಸೇಜ್ ಬಂತು: "ಮಾವಶಿ, ಕಸ್ಟಮರ್ ಜೊತೆ ಜೆನ್ಯುಯಿನ್ ಕನೆಕ್ಷನ್ ಹೆಂಗ್ ಮಾಡೋದು? ನಂಗೆ ಟ್ರೇನಿಂಗ್‌ನಲ್ಲಿ ಹೇಳ್ಬೇಕು. ಐದು ಪಾಯಿಂಟ್ ಕಳಿಸ್ತೀಯಾ, ಪ್ಲೀಸ್?" ಎರಡು ಸಲ ಕೇಳಿಸಿಕೊಂಡೆ. ಐದು ಪಾಯಿಂಟು ನನ್ನ ಹತ್ತಿರ ಇಲ್ಲ, ನಿಧಿ. ಇರುವುದು ಇಷ್ಟು. ಪುರುಸೊತ್ತು ಆದಾಗ ಯಾರ ಕೈಯಲ್ಲಾದರೂ ಓದಿಸಿಕೋ, ನಿನಗೆ ಕನ್ನಡ ಓದಲು ಬರುವುದಿಲ್ಲ ಅಂತ ನನಗೆ ಗೊತ್ತು.

ಶುರುವಾದದ್ದು ವಡೋದರಾದಲ್ಲಿ. ಹತ್ತಿರದ ಕೊಯಾಲಿಯ ರಿಫೈನರಿ ಟೌನ್‌ಶಿಪ್ಪಿನಲ್ಲಿ ನಮ್ಮ ಕಡೆಯ ಹತ್ತಾರು ಮನೆಗಳಿದ್ದವು. ಮೊದಲ ಆರು ತಿಂಗಳು ನಾನು ಮಾರಿದ್ದೆಲ್ಲ ಅವರಿಗೇ. ಮಾರಿದೆ ಅನ್ನುವುದಕ್ಕಿಂತ ಅವರು ದಾಕ್ಷಿಣ್ಯಕ್ಕೆ ಸಿಕ್ಕಿಬಿದ್ದರು ಅನ್ನಬೇಕು. ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದವಳು ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತರೆ ಯಾರು ಬೇಡ ಎನ್ನುತ್ತಾರೆ? ಮರುವರ್ಷ ಯುಗಾದಿಗೆ ಹೋದಾಗ ನಾನು ಕೂತ ಕಡೆ ಅಕ್ಕಪಕ್ಕದ ಕುರ್ಚಿಗಳು ಖಾಲಿಯೇ ಉಳಿದವು. ಹೆಣ್ಣುಮಕ್ಕಳು ನಕ್ಕು ಮಾತಾಡಿಸುತ್ತಿದ್ದರು, ಆದರೆ ಕಣ್ಣು ನನ್ನ ಕೈಯ ಮೇಲೆ, ಏನಾದರೂ ತಂದಿದ್ದಾಳೋ ಅಂತ. ಗೆಳತಿ ಸುಮಿತ್ರಾ ದೇಸಾಯಿ ಒಬ್ಬಳೇ ಬಾಯಿಬಿಟ್ಟು ಹೇಳಿದಳು: "ಮನೀಗೆ ಬಾರವ್ವಾ, ನಾ ಬ್ಯಾಡನ್ನಂಗಿಲ್ಲ. ಆದರ ಆ ಬ್ಯಾಗ್ ಮನ್ಯಾಗ ಬಿಟ್ಟು ಬಾ." ಮುಖಕ್ಕೆ ಹೊಡೆದ ಹಾಗಾಯಿತು. ಪರಿಚಯದವರಿಗೆ ಮಾರುವುದು ಸುಲಭ, ಮಾರಿದ ಮೇಲೆ ಪರಿಚಯ ಉಳಿಸಿಕೊಳ್ಳುವುದೇ ಕಷ್ಟ.

ಹಾಗಾಗಿ ಗುರುತಿಲ್ಲದವರ ಬಾಗಿಲು ತಟ್ಟತೊಡಗಿದೆ. ಅದನ್ನು ಕಲಿಸಿದವರು ನಮ್ಮ ಏರಿಯಾ ಮ್ಯಾನೇಜರ್ ಮೆಹ್ತಾ ಸರ್. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಅವರು ನನ್ನ ಕೈಗೆ ಒಂದು ಡಬ್ಬಿ ಕೊಟ್ಟರು. ಅದರಲ್ಲಿ ಎರಡು ಜೊತೆ ಲೋಹದ ಕಡ್ಡಿಗಳು, ಒಂದು ವೈರು. ಎರಡು ಗಾಜಿನ ಲೋಟ ಇಡಬೇಕು, ಒಂದರಲ್ಲಿ ಅವರ ಮನೆಯ ನಲ್ಲಿ ನೀರು, ಇನ್ನೊಂದರಲ್ಲಿ ನಮ್ಮ ಮಷೀನಿನ ನೀರು. ಕಡ್ಡಿಗಳನ್ನು ಅದ್ದಿ ಸ್ವಿಚ್ಚು ಹಾಕಿದರೆ ನಲ್ಲಿ ನೀರು ನೋಡನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗಿ, ಗಸಿಗಸಿಯಾಗಿ ಏನೋ ತೇಲುತ್ತದೆ. ನಮ್ಮ ನೀರು ಇದ್ದ ಹಾಗೇ ಇರುತ್ತದೆ.

"ನೀರು ಕಂದಾದ ಮೇಲೆ ಮಾತಾಡಬೇಡಿ ಮಾಲಾಬೆನ್" ಎಂದರು ಮೆಹ್ತಾ ಸರ್. ಬೆನ್ ಅಂದರೆ ಗುಜರಾತಿಯಲ್ಲಿ ಅಕ್ಕ. "ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ. ಅಷ್ಟರಲ್ಲಿ ಮನೆಯವರೇ ಮಾತಾಡುತ್ತಾರೆ. ಅವರು ಏನಂದರೂ ಹೌದು ಅನ್ನಬೇಡಿ, ಅಲ್ಲ ಅಂತಲೂ ಅನ್ನಬೇಡಿ. ಫಾರ್ಮು ಮುಂದೆ ಇಡಿ."

ನಿಜವಾಗಿ ಹಾಗೇ ಆಗುತ್ತಿತ್ತು. ಹತ್ತು ಎಣಿಸುವುದರೊಳಗೆ ಯಾರಾದರೂ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಹದಿನೈದಕ್ಕೆ "ಇದನ್ನಾ ನಾವು ಕುಡೀತಿರೋದು?" ಎಂಬ ಮಾತು ಬರುತ್ತಿತ್ತು. ಆ ವರ್ಷ ವಡೋದರಾದಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದವಳು ನಾನೇ. ಅದರ ಬಗ್ಗೆ ಹೇಳಲು ಬೇರೆ ಏನೂ ಇಲ್ಲ.

ಒಂದು ಭಾನುವಾರ ಸುಮಿತ್ರಾಳ ಮನೆಗೆ ಹೋಗಿದ್ದೆ, ಬ್ಯಾಗು ಬಿಟ್ಟೇ. ಅವಳ ಗಂಡ ದೇಸಾಯರು ರಿಫೈನರಿಯ ಲ್ಯಾಬಿನಲ್ಲಿದ್ದರು. ಆ ಕಡ್ಡಿಯ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಮಾರಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆ ಅಂತ ಅವರೇ ಹಟ ಹಿಡಿದು, ನನ್ನನ್ನು ಕಾರಿನಲ್ಲಿ ನಮ್ಮ ಮನೆಗೆ ಕರೆದೊಯ್ದು ಡಬ್ಬಿಯನ್ನೂ ನಮ್ಮ ಮಷೀನಿನ ನೀರನ್ನೂ ತರಿಸಿಕೊಂಡರು. ನಾನು ಹುರುಪಿನಿಂದ ತೋರಿಸಿದೆ. ಅವರ ನಲ್ಲಿ ನೀರು ಕಂದಾಯಿತು. ದೇಸಾಯರು ತಲೆಯಾಡಿಸಿ ಅಡುಗೆಮನೆಗೆ ಹೋಗಿ ಎರಡು ಬೆರಳಲ್ಲಿ ಉಪ್ಪು ತಂದರು.

"ವೈನಿ, ಈಗ ನಿಮ್ಮ ಶುದ್ಧ ನೀರಿಗೆ ಇಷ್ಟು ಹಾಕ್ರಿ."

ಹಾಕಿದೆ. ಸ್ವಿಚ್ಚು ಒತ್ತಿದೆ. ನಮ್ಮ ನೀರು ನಲ್ಲಿ ನೀರಿಗಿಂತ ಕಪ್ಪಗೆ ಕದಡಿ ಹೋಯಿತು.

"ಹೊಲಸು ನೀರಾಗ ಇಲ್ರಿ, ನಿಮ್ಮ ಕಡ್ಡಿಯೊಳಗ ಅದ" ಎಂದರು ದೇಸಾಯರು. "ನೀರಾಗ ಉಪ್ಪಿನಂಶ ಇದ್ದರ ಕರೆಂಟ್ ಹರೀತದ, ಕಬ್ಬಿಣ ಕರಗತದ, ತುಕ್ಕು ಬರತದ. ಅಷ್ಟ. ಒಳ್ಳೇ ಬಾವಿ ನೀರಿಟ್ಟರೂ ಹಿಂಗ ಆಗತದ. ಮಷೀನ್ ಖೊಟ್ಟಿ ಅಲ್ಲ. ಈ ಆಟ ಖೊಟ್ಟಿ."

ನೆಲ ಬಾಯಿಬಿಡಬಾರದೇ ಅನಿಸಿತು. ಮರುದಿನ ಮೆಹ್ತಾ ಸರ್ ಹತ್ತಿರ ಹೋಗಿ ಹೇಳಿದೆ. ಅವರು ನಗುತ್ತಾ ಚಹಾ ತರಿಸಿದರು. "ಹಾಗಾದರೆ ಲ್ಯಾಬಿನವರ ಮನೆಗಳನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ, ಬೆನ್." ನಾನು ತೆಗೆದೆ. ಅವತ್ತು ಡಬ್ಬಿಯನ್ನು ಅವರ ಮೇಜಿನ ಮೇಲೆ ಇಟ್ಟು ಬರಬಹುದಾಗಿತ್ತು. ಚಹಾ ಕುಡಿದು, ಡಬ್ಬಿ ಹಿಡಿದುಕೊಂಡು ವಾಪಸು ಬಂದೆ. ಆಮೇಲೆ ಹತ್ತಿರಹತ್ತಿರ ಇಪ್ಪತ್ತು ವರ್ಷ ಅದೇ ಆಟ ಆಡಿದೆ, ಗೊತ್ತಿದ್ದೂ.

ಇದರ ಜೊತೆಗೇ ಇನ್ನೊಂದು ಇತ್ತು, ಅದು ಸುಳ್ಳಲ್ಲ. ನಾನೊಂದು ನೋಟುಬುಕ್ಕು ಇಟ್ಟಿದ್ದೆ. ಮಷೀನು ತಗೊಂಡ ಮನೆಗಳ ಸುದ್ದಿಯೆಲ್ಲ ಅದರಲ್ಲಿ: ಯಾರ ಮಗನಿಗೆ ಹತ್ತನೇ ಕ್ಲಾಸು, ಯಾರ ಅತ್ತೆಗೆ ಕಣ್ಣಿನ ಆಪರೇಷನ್, ಯಾರ ಮಗಳ ಮದುವೆ ಮುರಿಯಿತು. ಪರೀಕ್ಷೆಯ ಮರುದಿನ ಫೋನು ಮಾಡುತ್ತಿದ್ದೆ. ಮೊದಮೊದಲು ಅದೂ ಧಂದೆಯ ಉಪಾಯವೇ, ಫೋನು ಮಾಡಿದರೆ ಐದು ಹೊಸ ಮನೆಗಳ ಹೆಸರು ಸಿಗುತ್ತದೆ ಅಂತ. ಆದರೆ ವರ್ಷಗಟ್ಟಲೆ ವಿಚಾರಿಸುತ್ತಿದ್ದರೆ ಸುಮ್ಮನಿರಲು ಆಗುವುದಿಲ್ಲ. ಆ ಹುಡುಗ ನಪಾಸಾದರೆ ನನಗೂ ಊಟ ಸೇರುತ್ತಿರಲಿಲ್ಲ. ಯಾವ ಫೋನು ಮಾರಲಿಕ್ಕೆ, ಯಾವುದು ಅಕ್ಕರೆಗೆ ಅಂತ ನನಗೇ ತಿಳಿಯದ ಹಾಗಾಯಿತು. ನಿಧಿ, ನೀನು ಕೇಳಿದ ಜೆನ್ಯುಯಿನ್ ಎಂಬುದು ಇದೇ ಇರಬೇಕು, ಆದರೆ ನನಗೆ ಅದು ಯಾವತ್ತೂ ಚೊಕ್ಕವಾಗಿ ಸಿಗಲಿಲ್ಲ.

ಅಹಮದಾಬಾದಿಗೆ ಬಂದಾಗ ಕಾಲ ಬದಲಾಗಿತ್ತು. ನೀನಿರುವ ಬೋಪಾಲ್‌ನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲು ತಟ್ಟುವ ಮಾತೇ ಇಲ್ಲ. ಗೇಟಿನ ಸೆಕ್ಯುರಿಟಿಯವನು ಮನೆಯವರ ಫೋನಿಗೆ ಕೇಳುತ್ತಾನೆ, ಅವರು ಬೇಡ ಅಂತ ಬೆರಳು ಒತ್ತಿದರೆ ಮುಗಿಯಿತು. ಮುಖವನ್ನೇ ನೋಡದೆ ಬೇಡ ಅನ್ನಿಸಿಕೊಳ್ಳುವುದು ನನಗೆ ಹೊಸದು. ಸಿಟ್ಟು ಬರುತ್ತಿತ್ತು. ತಮಾಷೆಯೆಂದರೆ ಅಲ್ಲಿಯ ಬೋರ್‌ವೆಲ್ ನೀರು ಉಪ್ಪುಪ್ಪು, ನಮ್ಮ ಮಷೀನು ನಿಜವಾಗಿ ಬೇಕಾಗಿದ್ದುದು ಅಲ್ಲೇ.

ಕಂಪನಿ ನನ್ನ ನೋಟುಬುಕ್ಕನ್ನೂ ಕೇಳಿತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತೇವೆ, ಹುಟ್ಟುಹಬ್ಬಕ್ಕೆ ತಾನಾಗಿಯೇ ಸಂದೇಶ ಹೋಗುತ್ತದೆ, ನೀವು ಹೊಸ ಗಿರಾಕಿ ನೋಡಿ ಎಂದರು. ಕೊಟ್ಟೆ. ಚಾಂದ್‌ಖೇಡಾದಲ್ಲಿ ತೈಲ ಕಂಪನಿಯವರ ಕ್ವಾರ್ಟರ್ಸಿನಲ್ಲಿ ಮೈಸೂರು ಕಡೆಯ ಪದ್ಮಕ್ಕ ಅಂತ ಇದ್ದರು. ಅವರ ಯಜಮಾನರು ತೀರಿಹೋದಾಗ ನಾನು ಹೋಗಿ ಇಡೀ ದಿನ ಅಡುಗೆಮನೆಯಲ್ಲಿ ನಿಂತಿದ್ದೆ. ನಾಲ್ಕು ತಿಂಗಳ ಮೇಲೆ ಪದ್ಮಕ್ಕನ ಫೋನು ಬಂತು.

"ಮಾಲಾ ಅವರೇ, ನಿಮ್ಮ ಕಂಪನಿಯೋರು ನಮ್ಮ ಯಜಮಾನರಿಗೆ ನೂರು ವರ್ಷ ಸುಖವಾಗಿ ಬಾಳಿ ಅಂತ ಕಳಿಸಿದಾರೆ ಕಣ್ರೀ. ಜೊತೇಲಿ ಒಂದು ಕೇಕಿನ ಚಿತ್ರ. ನೀವು ಅವತ್ತು ನಮ್ಮನೇಲೇ ಇದ್ರಲ್ಲ, ಅವರಿಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಕಂಪ್ಯೂಟರಿಗೆ ತಿಳಿಸಬೇಕು ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ಹೋಗಿ ಕ್ಷಮೆ ಕೇಳಿದೆ. ಪದ್ಮಕ್ಕ ಕಾಫಿ ಕೊಟ್ಟರು, ಹಳೆಯ ಸಲಿಗೆ ಮಾತ್ರ ಮತ್ತೆ ಬರಲಿಲ್ಲ.

ಕೊನೆಯ ಊರು ಸೂರತ್. ಅಲ್ಲಿಗೆ ಹೋದಾಗಲೇ ನನಗೆ ಸಾಕುಸಾಕಾಗಿತ್ತು. ಹಳೆಯ ಊರಿನ ಒಂದು ಗಲ್ಲಿಯಲ್ಲಿ ಕಾಂತಾಬಾ ಎಂಬ ಎಂಬತ್ತರ ಹತ್ತಿರದ ಜೈನ ಅಜ್ಜಿಯ ಮನೆ. ಬಾ ಅಂದರೆ ಗುಜರಾತಿಯಲ್ಲಿ ತಾಯಿ, ಇಡೀ ಗಲ್ಲಿಗೇ ಅವರು ಬಾ. ಮೊದಲ ಭೇಟಿಯಲ್ಲೇ ನನ್ನ ಬಾಯಿಂದ ದೊಡ್ಡ ಪ್ರಮಾದವಾಯಿತು. ಹದಿನೇಳು ವರ್ಷ ಉರುಹೊಡೆದ ಪಾಠ, ನಾಲಿಗೆ ತಾನಾಗಿ ಒಪ್ಪಿಸಿತು: "ಇದರೊಳಗೆ ಒಂದು ದೀಪ ಇದೆ ಬಾ, ನೀರಲ್ಲಿರೋ ಜೀವಗಳನ್ನೆಲ್ಲ ಕೊಂದುಬಿಡುತ್ತೆ. ಒಂದೂ ಉಳಿಯಲ್ಲ."

ಕಾಂತಾಬಾ ಎರಡೂ ಕಿವಿ ಮುಟ್ಟಿಕೊಂಡರು. ನನ್ನನ್ನು ಬೈಯಲಿಲ್ಲ. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ತಾವು ನೀರು ಸೋಸುವುದನ್ನು ತೋರಿಸಿದರು. ಮನೆಯ ನೆಲದಡಿ ಮಳೆನೀರಿನ ಹಳೆಯ ತೊಟ್ಟಿ. ಸೇದಿದ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನು ಸ್ವಲ್ಪ ನೀರಿನಿಂದ ಮೆಲ್ಲಗೆ ತೊಳೆದು ವಾಪಸು ಅದೇ ತೊಟ್ಟಿಗೆ ಬಿಡುತ್ತಿದ್ದರು. "ಅವು ಅವುಗಳ ಮನೆಗೆ ಹೋಗಲಿ ದೀಕರಿ" ಎಂದರು. ದೀಕರಿ ಅಂದರೆ ಮಗಳು. ಆ ಮನೆಯಲ್ಲಿ ನಿಂತು ಕೊಲ್ಲುವ ಮಾತಾಡಿದ್ದೆ ನಾನು.

ಕಾಂತಾಬಾ ಕೊನೆಯವರೆಗೂ ಮಷೀನು ತಗೊಳ್ಳಲಿಲ್ಲ, ನಾನೂ ಮತ್ತೆ ಆ ಮಾತು ಎತ್ತಲಿಲ್ಲ. ಆದರೂ ಅಲ್ಲಿ ಹೋಗಿ ಕೂರುವುದು ಅಭ್ಯಾಸವಾಯಿತು. ಬಿಸಿಲಿನ ಹೊತ್ತು ಅವರ ಜೋಕಾಲಿಯ ಮೇಲೆ ಕೂತು ಕಾಲು ಚಾಚುತ್ತಿದ್ದೆ. ಇಷ್ಟು ವರ್ಷದಲ್ಲಿ ಏನೂ ಮಾರದೆ ನಾನು ಹೋಗಿ ಬಂದ ಮನೆ ಅದು. ಆದರೆ ಆಗಿದ್ದು ನೋಡು: ನಾನು ಏನೂ ಮಾರುವುದಿಲ್ಲ ಎಂಬ ಕಾರಣಕ್ಕೇ ಅವರಿಗೆ ನನ್ನ ಮೇಲೆ ನಂಬಿಕೆ ಬಂತು. "ಮಾಲಾ ಸುಳ್ಳು ಹೇಳೋಳಲ್ಲ" ಅಂತ ಅವರೇ ಮನೆಮನೆಗೆ ಹೇಳಿದರು. ಗಲ್ಲಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಒಳಗೆ ಹೋಗಿ ನಾನು ಕಡ್ಡಿಗಳನ್ನು ನೀರಿಗೆ ಅದ್ದಿದೆ.

ಹಾಗೆ ತೆರೆದ ಬಾಗಿಲುಗಳಲ್ಲಿ ಜಯಾಳದೂ ಒಂದು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮನೆಯಲ್ಲೇ ಕೂತು ಸೀರೆಗಳಿಗೆ ಹರಳು ಅಂಟಿಸುತ್ತಿದ್ದಳು. ಗಂಡ ಹಗಲೆಲ್ಲ ಮಿಲ್ಲಿನಲ್ಲಿ, ಮನೆಯಲ್ಲಿ ಇವಳೂ ಅತ್ತೆಯೂ. ಹಿಂದಿನ ವರ್ಷ ಏಳು ವರ್ಷದ ಮಗಳು ಹೇತಲ್ ಡೆಂಗಿ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಅದು ನನಗೆ ಗೊತ್ತಿತ್ತು, ಕಾಂತಾಬಾ ಹೇಳಿದ್ದರು. ಗೊತ್ತಿದ್ದೂ ಲೋಟ ಇಟ್ಟೆ.

ನೀರು ಕಂದಾಯಿತು. ನಾನು ಎಣಿಸತೊಡಗಿದೆ. ಎಂಟೋ ಒಂಬತ್ತೋ ಆಗಿತ್ತು, ಜಯಾ ಲೋಟವನ್ನೇ ನೋಡುತ್ತಾ ಕೇಳಿದಳು: "ಇದನ್ನೇ ಕುಡಿಸಿದೆನಾ ನಾನು ಹೇತಲ್‌ಗೆ?" ಬಾಗಿಲ ಹತ್ತಿರ ಅವಳ ಅತ್ತೆ ನಿಂತಿದ್ದರು. ಜಯಾ ನೆಲಕ್ಕೆ ಕುಸಿದು ಅಳತೊಡಗಿದಳು. ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ. ನನಗೂ ಅಳು ಬಂತು, ನಾಟಕದ್ದಲ್ಲ. ಅದು ನೀರಿನಿಂದ ಬರುವ ಜ್ವರ ಅಲ್ಲ, ಈ ಬಣ್ಣ ಕಡ್ಡಿಯ ತುಕ್ಕು ಅಂತ ಎರಡು ಮಾತು ಹೇಳಬಹುದಿತ್ತು. ಅಳುತ್ತಲೇ ಇಪ್ಪತ್ತು ಎಣಿಸಿ ಮುಗಿಸಿದೆ. ಆಮೇಲೆ ಫಾರ್ಮು ಮುಂದೆ ಇಟ್ಟೆ.

ಐದಾರು ತಿಂಗಳಾದ ಮೇಲೆ ಕಾಂತಾಬಾ ಕರೆಸಿದರು. ಅವತ್ತು ಜೋಕಾಲಿಯ ಮೇಲೆ ಜಾಗ ಮಾಡಿಕೊಡಲಿಲ್ಲ.

"ಜಯಾ ಅರ್ಧ ಆಗಿದ್ದಾಳೆ" ಎಂದರು. "ಮಗಳಿಗೆ ನಾನೇ ವಿಷ ಕುಡಿಸಿದೆ ಅಂತಾಳೆ. ಡಾಕ್ಟರು ಸೊಳ್ಳೆ ಅಂದಿದ್ದರು. ಆ ಸೊಳ್ಳೇನ ಅವಳು ಕಂಡಿಲ್ಲ, ನಿನ್ನ ಲೋಟ ಕಂಡಿದ್ದಾಳೆ. ಅವಳ ಅತ್ತೆ ಅವತ್ತಿನಿಂದ ಅವಳ ಕೈಯಿಂದ ಒಂದು ಲೋಟ ನೀರು ಮುಟ್ಟಿಲ್ಲ, ತಾನೇ ಎದ್ದು ತಗೋತಾಳೆ. ನೀನು ಹೇಳು ದೀಕರಿ. ಆ ನೀರಲ್ಲಿ ಏನಿತ್ತು?"

ಕಾಂತಾಬಾ ಕಾಯುತ್ತಿದ್ದರು.

"ಏನೂ ಇರಲಿಲ್ಲ ಬಾ" ಎಂದೆ. ದೇಸಾಯರು ಉಪ್ಪು ಹಾಕಿದ್ದರಿಂದ ಹಿಡಿದು ಎಲ್ಲ ಹೇಳಿದೆ.

ಅವರು ಜೋಕಾಲಿಯಿಂದ ಇಳಿದರು. "ನನ್ನ ಮಾತಿನ ಮೇಲೆ ನೀನು ಆ ಮನೆಗಳಿಗೆಲ್ಲ ಹೋದೆ" ಎಂದರು. ಆಮೇಲೆ, "ಡಬ್ಬಿ ತಂದಿದ್ದೀಯಾ? ನಡಿ."

ದಾರಿ ಹತ್ತು ಹೆಜ್ಜೆ ಅಷ್ಟೇ. ಒಂದು ಮನೆಯಲ್ಲಿ ಹೇಳಿದರೆ ಗಲ್ಲಿಗೆಲ್ಲ ಹೇಳಿದ ಹಾಗೆ, ಸಂಜೆಯೊಳಗೆ ನನ್ನ ಹೆಸರು ಹೋಗುತ್ತದೆ ಅಂತ ಗೊತ್ತಿತ್ತು. ನಿಜ ಹೇಳುತ್ತೇನೆ, ಜಯಾಳಿಗಿಂತ ಮೊದಲು ನನಗೆ ನನ್ನದೇ ಚಿಂತೆ ಬಂತು.

ಜಯಾ ಬಾಗಿಲು ತೆರೆದಳು. ಕಣ್ಣ ಕೆಳಗೆ ಕಪ್ಪು. ನಾನು ಏನೂ ಪೀಠಿಕೆ ಹಾಕದೆ ಎರಡು ಲೋಟದಲ್ಲೂ ಅವಳ ಮನೆಯ ಮಷೀನಿನ ನೀರನ್ನೇ ತುಂಬಿದೆ. ಅತ್ತೆಯನ್ನೂ ಕರೆಸಿ ಕೂರಿಸಿದರು ಕಾಂತಾಬಾ. ಒಂದು ಲೋಟಕ್ಕೆ ಉಪ್ಪು ಹಾಕಲು ಜಯಾಳ ಕೈಗೇ ಕೊಟ್ಟೆ. ಸ್ವಿಚ್ಚು ಹಾಕಿದೆ. ಉಪ್ಪು ಹಾಕಿದ ಲೋಟ ಕಂದಾಯಿತು, ಅವತ್ತಿನಷ್ಟೇ, ಅವತ್ತಿಗಿಂತ ಹೆಚ್ಚು. ಈ ಸಲ ನಾನು ಎಣಿಸಲಿಲ್ಲ.

"ಈ ಬಣ್ಣ ಕಡ್ಡಿಯದು ಜಯಾ. ನೀರಿನದಲ್ಲ. ನೀನು ಮಗಳಿಗೆ ಒಳ್ಳೆ ನೀರನ್ನೇ ಕೊಟ್ಟಿದ್ದೆ."

ಅವಳು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಇನ್ನೊಂದು ಸಲ" ಎಂದಳು. ಮಾಡಿದೆ. ಮೂರನೇ ಸಲವೂ ಕೇಳಿದಳು, ಮಾಡಿದೆ. ಆಮೇಲೆ ನನ್ನ ಕಡೆ ತಿರುಗಿದಳು.

"ಅವತ್ತೂ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ನನ್ನ ಜೊತೆ ಕೂತು ಅತ್ತಿರಲ್ಲ."

ಆ ಅಳು ನಿಜ ಎಂದು ಹೇಳಬೇಕು ಅನಿಸಿತು, ಹೇಳಲು ನಾಚಿಕೆಯಾಯಿತು. ನಾನು ಕಡ್ಡಿಗಳನ್ನು ಒರೆಸುತ್ತಾ ಕೂತೆ.

ಆಗ ಅವಳ ಅತ್ತೆ ಗೋಡೆಗೆ ಒರಗಿದ್ದವರು ಸೆರಗಿನಿಂದ ಮೂಗು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು: "ಜಯಾ, ಬಾಯಾರಿಕೆ ಆಗಿದೆ. ನೀರು ಕೊಡು."

ಜಯಾ ಎದ್ದಳು. ಮಷೀನಿನ ಹತ್ತಿರ ಹೋಗಲಿಲ್ಲ. ನೇರವಾಗಿ ನಲ್ಲಿ ತಿರುಗಿಸಿ, ಲೋಟ ತುಂಬಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಅತ್ತೆ ಒಂದೇ ಉಸಿರಿಗೆ ಕುಡಿದು ಲೋಟವನ್ನು ಮತ್ತೆ ಚಾಚಿದರು. ಜಯಾ ಇನ್ನೊಂದು ಲೋಟ ತಂದಳು. ಕಾಂತಾಬಾರಿಗೆ ಅವರ ಮನೆಯ ನೀರು ಬಿಟ್ಟು ಬೇರೆ ಕಡೆ ಕುಡಿಯುವ ರೂಢಿಯಿಲ್ಲ, ಆದರೂ ನೀರು ಬೇಕಾ ಅಂತ ಅವರನ್ನೂ ಕೇಳಿದಳು.

ಗುಜರಾತಿನಲ್ಲಿ ಯಾರೇ ಮನೆಯೊಳಗೆ ಬರಲಿ, ಕೊರಿಯರ್‌ನವನೇ ಆಗಲಿ, ಜಗಳಕ್ಕೆ ಬಂದವರೇ ಆಗಲಿ, ಮೊದಲು ಒಂದು ಲೋಟ ನೀರು ಕೈಗೆ ಬರುತ್ತದೆ. ಇಪ್ಪತ್ತೆರಡು ವರ್ಷ ಸಾವಿರಾರು ಮನೆಗಳಲ್ಲಿ ನಾನು ಆ ನೀರು ಕುಡಿದು, ಆಮೇಲೆ ಅದನ್ನೇ ಹೊಲಸು ಅಂತ ತೋರಿಸಿದವಳು. ಜಯಾ ನನ್ನನ್ನು ಮಾತ್ರ ಕೇಳಲಿಲ್ಲ. ಬಿಸಿಲಿಗೆ ನಾಲಿಗೆ ಒಣಗಿತ್ತು, ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಮಾಡಿದ್ದು ಸರಿಯಾಗಿಯೇ ಇತ್ತು.